ಹಪ್ಪಳದ ಗಾಡಿಗೆ ದನಿ ಕೂರಿಸಿದ ಮಳೆಗಾಲ

ಆಯುಧಪೂಜೆಗೆ ಗಾಡಿ ತೊಳೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ನಮ್ಮೆಜಮಾನರಿಗೆ ಮಂಡಿನೋವು, ಬಗ್ಗಿದರೆ ಏಳಲಾರರು. ಮಗಳು ಸುಮಾ ಕೆಲಸಕ್ಕೆ ಹೋಗಿದ್ದಳು. ನಲ್ಲಿ ನಿಲ್ಲುವುದರೊಳಗೆ ಮುಗಿಸೋಣ ಎಂದು ಬಕೆಟ್ಟು, ಹಳೇ ಬನಿಯನ್ನು ಹಿಡಿದು ಬೀದಿಯಲ್ಲಿ ಕೂತು, ಬೈಕಿನ ಎಡಮಗ್ಗುಲಿಗಿರುವ ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಇಂಗು, ಜೀರಿಗೆ, ಹುಳಿಮಜ್ಜಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಒಳಗೋಡೆ ಒರೆಸುತ್ತಿದ್ದ ಕೈಗೆ ದುಂಡನೆಯ ತೇಪೆಯೊಂದು ತಾಗಿತು. ತಿಂಡಿ ತಟ್ಟೆಯಷ್ಟು ಅಗಲ, ಸುತ್ತಲೂ ರಿವೆಟ್ಟು. ಒರೆಸುವುದನ್ನು ಬಿಟ್ಟು ಆ ರಿವೆಟ್ಟುಗಳನ್ನು ಒಂದೊಂದಾಗಿ ಎಣಿಸುತ್ತಾ ಕೂತೆ. ಎಷ್ಟೋ ವರ್ಷವಾಯಿತು, ಆ ಮಳೆಗಾಲ ಇನ್ನೂ ನನ್ನನ್ನು ಬಿಟ್ಟಿಲ್ಲ ನೋಡಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೆದರುಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಓಡಿಬರುವವಳು. ಇವರು ಮಾಗಡಿ ರೋಡ್ ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಹತ್ತು ಆಕ್ಸಿಡೆಂಟ್ ಮಾಡಿಸಿರುತ್ತೇನೆ. ಆದರೆ ನಾನು ಹೆದರಿಕೊಂಡ ವಿಷಯಗಳ ಪಟ್ಟಿಯಲ್ಲಿ ಇವರ ದನಿ ಯಾವತ್ತೂ ಇರಲಿಲ್ಲ. ಬಾಗಿಲು ಕಿಟಕಿ ಇರುವ ಹಾಗೆ ಅದು ಇದ್ದೇ ಇರುತ್ತದೆ ಅಂದುಕೊಂಡಿದ್ದೆ.

ನಮ್ಮದು ಹಪ್ಪಳದ ವ್ಯಾಪಾರ. ಚೈತ್ರ ವೈಶಾಖದ ಬಿಸಿಲಿನಲ್ಲಿ ನಾನು ತಾರಸಿಯ ಮೇಲೆ ಉದ್ದಿನ ಹಪ್ಪಳ, ಅಕ್ಕಿ ಹಪ್ಪಳ, ಅರಳು ಸಂಡಿಗೆ, ಶಾವಿಗೆ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಒಣಗಿಸಿ ಡಬ್ಬಗಳಿಗೆ ತುಂಬಿಸಿದರೆ, ಮಳೆ ಹಿಡಿದ ಮೇಲೆ ಇವರು ಬೈಕಿನಲ್ಲಿ ಹೊತ್ತುಕೊಂಡು ಬೀದಿ ಬೀದಿ ಸುತ್ತುತ್ತಾರೆ. ಮೋಡ ಕವಿದರೆ ತಾನೆ ಜನರಿಗೆ ಹಪ್ಪಳದ ಚಪಲ! ಒಂದು ದಿನ ರಾಜಾಜಿನಗರ, ಒಂದು ದಿನ ಬಸವೇಶ್ವರನಗರ, ಒಂದು ದಿನ ವಿಜಯನಗರ, ಶನಿವಾರ ಕೆಂಗೇರಿ. ಗಾಡಿಯ ಎರಡೂ ಮಗ್ಗುಲಿಗೆ ದೊಡ್ಡ ತಗಡಿನ ಪೆಟ್ಟಿಗೆ, ಹಿಂದಿನ ಸೀಟಿನ ಮೇಲೆ ಟಾರ್ಪಾಲು ಸುತ್ತಿದ ಬುಟ್ಟಿ. ಹಪ್ಪಳಕ್ಕೆ ತೂಕವಿಲ್ಲ, ಜಾಗ ಮಾತ್ರ ಬೇಕು. ಒತ್ತಿ ತುಂಬಿದಿರೋ, ಮನೆಗೆ ಬರುವುದು ಪುಡಿ.

ಇಷ್ಟೆಲ್ಲ ಇದ್ದರೂ ವ್ಯಾಪಾರ ನಡೆಯುತ್ತಿದ್ದುದು ಇವರ ಗಂಟಲಿನಿಂದ. "ಹಪ್ಪಳಾ... ಸಂಡಿಗೇ... ಶಾವಿಗೇ... ಮನೇಲಿ ಮಾಡಿದ್ದಮ್ಮಾ..." ಎಂದು ಎಳೆದು ಕೂಗಿದರೆ ಮೂರನೇ ಮಹಡಿಯ ಅಡುಗೆಮನೆಗೂ ಮುಟ್ಟುತ್ತಿತ್ತು. ಕೊನೆಯ 'ಅಮ್ಮಾ' ಎಂಬಲ್ಲಿ ದನಿ ಒಂದು ಸುತ್ತು ತಿರುಗಿ ಇಳಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ನನಗೆ ನಾಚಿಕೆಯಾಗುತ್ತಿತ್ತು. "ಸ್ವಲ್ಪ ಮೆತ್ತಗೆ ಕೂಗಬಾರದಾ?" ಅಂದಿದ್ದೆ. ಮೆತ್ತಗೆ ಕೂಗಿದರೆ ಮೆತ್ತಗಿನ ಹಪ್ಪಳ ಅಂದುಕೊಳ್ತಾರೆ ಕಣೇ ಅಂದಿದ್ದರು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ದನಿ ಒಡೆಯತೊಡಗಿತು. ಶೀತ ಅಂದೆವು. ಶುಂಠಿ, ಮೆಣಸು, ಜೇನು, ಬಿಸಿನೀರಿಗೆ ಉಪ್ಪು ಎಲ್ಲ ಆಯಿತು. ಆಷಾಢಕ್ಕೆ ಬರುವಾಗ ತಗಡಿನ ಮೇಲೆ ಕಲ್ಲು ಉಜ್ಜಿದ ಹಾಗಿತ್ತು. ಕೊನೆಗೆ ಸುಮಾ ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಟೀವಿಯಲ್ಲಿ ನಮಗೂ ತೋರಿಸಿದರು. ದನಿ ಬರುವ ಜಾಗದಲ್ಲಿ ಒಂದು ಗಂಟು ಕೂತಿತ್ತು.

"ಆಪರೇಷನ್ ಮಾಡಿ ತೆಗೀತೀವಿ, ತೆಗೆದಿದ್ದನ್ನ ಪರೀಕ್ಷೆಗೆ ಕಳಿಸ್ತೀವಿ," ಅಂದರು. "ಅಲ್ಲೀತನಕ ಕೂಗೋದು ಪೂರ್ತಿ ಬಂದ್. ಪಿಸುಗುಟ್ಟೋದೂ ಬೇಡ, ಅದೂ ಶ್ರಮನೇ."

"ದನಿ ಮೊದಲಿನ ಹಾಗೆ ಬರುತ್ತಾ ಮೇಡಂ?" ಅಂತ ಕೇಳಿದೆ.

"ಈಗ್ಲೇ ಮಾತು ಕೊಡೋಕಾಗಲ್ಲಮ್ಮ. ಬರಬಹುದು, ಸ್ವಲ್ಪ ಬದಲಾಗಬಹುದು. ತೆಗೆದ ಮೇಲೇ ಗೊತ್ತಾಗೋದು."

ಅದನ್ನೇ ತಿರುಗಿಸಿ ಇನ್ನೊಂದು ಸಲ ಕೇಳಿದೆ, ಅದೇ ಉತ್ತರ ಬಂತು. ಇವರು ಮಾತ್ರ ಆ ಟೀವಿಯನ್ನೇ ನೋಡುತ್ತಾ ಕೂತಿದ್ದರು. ಆಪರೇಷನ್ನಿಗೆ ಮೂರು ವಾರ ಬಿಟ್ಟು ಒಂದು ಸೋಮವಾರ ಗೊತ್ತಾಯಿತು. ಮನೆಗೆ ಬಂದು ಸ್ಲೇಟು ತೆಗೆದು ಇವರು ಬರೆದ ಮೊದಲ ಮಾತು, 'ಬಸವೇಶ್ವರನಗರಕ್ಕೆ ನಾಳೆ ಯಾರು ಹೋಗೋದು?'

ತಾರಸಿಯ ಕೋಣೆ ತುಂಬ ವರ್ಷದ ಮಾಲು. ಮಳೆಯ ಥಂಡಿಗೆ ಹಪ್ಪಳ ಎಷ್ಟು ದಿನ ಗರಿಗರಿ ಇದ್ದೀತು? ಆದರೆ ನಿಜ ಹೇಳಬೇಕೆಂದರೆ ನನಗೆ ಹಪ್ಪಳದ ಚಿಂತೆಗಿಂತ ಇವರು ಮನೆಯಲ್ಲಿ ಕೂರುವುದರ ಚಿಂತೆ ದೊಡ್ಡದಾಗಿತ್ತು. ಈ ಮನುಷ್ಯ ಬೀದಿಯಲ್ಲೇ ಬದುಕಿದವರು. ಇಂಥವರನ್ನು ಕಿಟಕಿ ಪಕ್ಕ ಕೂರಿಸಿದರೆ ಗಂಟು ಗುಣವಾಗುವ ಮೊದಲೇ ಮನಸ್ಸು ಕೆಡುತ್ತದೆ ಅಂತ ನನಗೆ ಗೊತ್ತಿತ್ತು. ಗಾಡಿಗೆ ಒಂದು ಸ್ಪೀಕರ್ ಹಾಕಿಸೋಣ, ಬಾಯಿ ಮುಚ್ಚಿಕೊಂಡೇ ಸುತ್ತಲಿ ಅಂದುಕೊಂಡೆ. ಯೋಚನೆ ಬಂದಾಗ ಎಷ್ಟು ಸುಲಭ ಅನ್ನಿಸಿತ್ತು!

ಮೈಕ್ ಸೆಟ್ಟಿನ ನಂಜುಂಡಣ್ಣನ ಹತ್ತಿರ ಹೋದೆ. ನಮ್ಮ ಹಿಂದಿನ ಬೀದಿಯಲ್ಲೇ ಅವರ ಮಳಿಗೆ. ಗಣೇಶನ ಪೆಂಡಾಲು, ಮದುವೆ, ಮೆರವಣಿಗೆ, ಎಲ್ಲದಕ್ಕೂ ಅವರದೇ ಹಾರ್ನು, ಅವರದೇ ಬಾಕ್ಸು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಕೇಳಿದ್ದೇ ತಡ, ಕೊಳಗದಂಥ ಒಂದು ಹಾರ್ನು ತಂದು ಗಾಡಿಯ ಹಿಂದಿನ ಸೀಟಿನ ಮೇಲೆ ಇಟ್ಟರು.

"ನೋಡಮ್ಮಾ ಪಾರ್ವತಿ, ಇದು ಇಲ್ಲಿ ಕೂಗಿದ್ರೆ ಕೆಂಗೇರಿಲಿ ಕೇಳ್ಸುತ್ತೆ!"

"ಮತ್ತೆ ಬುಟ್ಟಿ ಎಲ್ಲಿಡೋದು ಅಣ್ಣ?"

"ಬುಟ್ಟಿ ಬಿಡಿ."

"ಬುಟ್ಟಿ ಬಿಟ್ಟರೆ ಶಾವಿಗೆ ಬಿಟ್ಟ ಹಾಗೆ. ಶಾವಿಗೆ ಇಲ್ಲ ಅಂದ್ರೆ ವಿಜಯನಗರದೋರು ಮುಖಾನೂ ನೋಡಲ್ಲ. ಜಾಗ ಒಂದು ಅಂಗುಲಾನೂ ಬಿಡಕ್ಕಾಗಲ್ಲ ಅಣ್ಣ."

ನಂಜುಂಡಣ್ಣ ತಲೆ ಕೆರೆದುಕೊಂಡರು. ಗಾಡಿಯ ಸುತ್ತ ಮೂರು ಸುತ್ತು ಹಾಕಿದರು. ಆಮೇಲೆ ಎಡಗಡೆಯ ತಗಡಿನ ಪೆಟ್ಟಿಗೆಯನ್ನು ಬೆರಳಿನಿಂದ ಟಣ್ ಟಣ್ ಎಂದು ಬಾರಿಸಿ, ಮುಖ ಅರಳಿಸಿದರು. ಪೆಟ್ಟಿಗೆ ಹೇಗೂ ಇದೆ, ಸ್ಪೀಕರಿಗೂ ಪೆಟ್ಟಿಗೆ ಬೇಕು. ಗೋಡೆಗೆ ದುಂಡಗೆ ತೂತು ಕೊರೆದು, ತೆಳ್ಳನೆಯ ಸ್ಪೀಕರ್ ಕೂರಿಸಿದರೆ ಮುಗಿಯಿತು, ಜಾಗ ಮೂರು ಬೆರಳಿನಷ್ಟೂ ಹೋಗುವುದಿಲ್ಲ ಅಂದರು. ನನಗೂ ಸರಿ ಅನ್ನಿಸಿತು. ಆಂಪ್ಲಿಫೈಯರ್ ಸೀಟಿನ ಕೆಳಗೆ, ಸ್ಪ್ಯಾನರ್ ಇಡುವ ಜಾಗದಲ್ಲಿ. ಪೆನ್‌ಡ್ರೈವ್ ಚುಚ್ಚಲು ಪೆಟ್ರೋಲ್ ಟ್ಯಾಂಕಿನ ಪಕ್ಕ ಒಂದು ಪುಟ್ಟ ಡಬ್ಬಿ.

ಕೂಗಿಗೆ ಸುಮಾಳ ದನಿ. ಅವಳು ಫೋನಿನಲ್ಲಿ ಅಚ್ಚುಕಟ್ಟಾಗಿ, "ಹಪ್ಪಳ, ಸಂಡಿಗೆ, ಶಾವಿಗೆ, ಮಜ್ಜಿಗೆ ಮೆಣಸಿನಕಾಯಿ, ಎಲ್ಲವೂ ಮನೆಯಲ್ಲಿ ತಯಾರಿಸಿದ್ದು" ಎಂದು ಹೇಳಿದಳು. ಮಳಿಗೆಯಲ್ಲಿ ಹಾಕಿ ನೋಡಿದರೆ ಆಹಾ, ಎಂಥ ಸ್ಪಷ್ಟ! ಪೆಟ್ಟಿಗೆ ಗುಂಯ್ ಎಂದು ತುಂಬಿ ಮಾತಾಡಿತು. ಅಕ್ಕಪಕ್ಕದ ಮನೆಯ ಹೆಂಗಸರು ಕಿಟಕಿಯಿಂದ ಇಣುಕಿ ಕೈ ಬೀಸಿದರು. ನಂಜುಂಡಣ್ಣನಿಗೆ ಪೆಂಡಾಲಿನಲ್ಲಿ ಜನ ಸೇರುವ ಮೊದಲೇ ಖಾಲಿ ಜಾಗದಲ್ಲಿ ಮೈಕ್ ಪರೀಕ್ಷೆ ಮಾಡಿ ಅಭ್ಯಾಸ. ನನಗೆ, ಖಾಲಿ ಡಬ್ಬ ತೊಳೆದು ಒಣಗಿಸಿ ಆಮೇಲೆ ತುಂಬಿ ಅಭ್ಯಾಸ. ಇಬ್ಬರೂ ಸೇರಿ ಖಾಲಿ ಪೆಟ್ಟಿಗೆಯ ದನಿ ಕೇಳಿ ಹಿಗ್ಗಿದೆವು. ಅದರೊಳಗೆ ಹಪ್ಪಳ ಇರುತ್ತದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ!

ಮರುದಿನ ಪೆಟ್ಟಿಗೆ ತುಂಬಿಸಿ ಕಳಿಸಿದೆ. ಮಧ್ಯಾಹ್ನಕ್ಕೆ ಬರಬೇಕಾದವರು ಹನ್ನೊಂದಕ್ಕೇ ಬಂದರು. ಮುಖ ನೋಡಿಯೇ ಕೆಲಸ ಬಿಟ್ಟು ಕೆಳಗೆ ಓಡಿದೆ. ಎಡಗಡೆಯ ಪೆಟ್ಟಿಗೆ ತೆರೆದು ತೋರಿಸಿದರು. ಅರಳು ಸಂಡಿಗೆ ರವೆಯಾಗಿತ್ತು. ಅಕ್ಕಿ ಹಪ್ಪಳ ಚೂರುಚೂರು. ಬಸವೇಶ್ವರನಗರದವರೆಗೂ ಸ್ಪೀಕರು ಅದುರಿದ್ದೇ ಅದುರಿದ್ದು. ದನಿಯೋ, ಹಪ್ಪಳದ ಕಟ್ಟುಗಳೊಳಗೆ ಹೂತು, ಕಂಬಳಿ ಹೊದ್ದು ಮಾತಾಡಿದ ಹಾಗೆ ಗೊಣಗೊಣ. ಅದು ಕೇಳಿಸಿದಲ್ಲಿಯೂ ಜನ ಇಳಿದು ಬಂದಿರಲಿಲ್ಲ. ಮೂರನೇ ಮಹಡಿಯ ಪದ್ಮಾ ಆಂಟಿ, ಹತ್ತು ವರ್ಷದ ಗಿರಾಕಿ, ಗಾಡಿಯನ್ನು ಕಣ್ಣಾರೆ ಕಂಡ ಮೇಲೆ ಕೂಗಿ ಕೇಳಿದರಂತೆ. ಆ ಮಾತನ್ನು ಇವರು ಸ್ಲೇಟಿನ ಮೇಲೆ ಬರೆದು ತೋರಿಸಿದರು. 'ಯಾರೋ ಹುಡುಗಿ ಏನೋ ಜಾಹೀರಾತು ಹೇಳ್ತಾ ಹೋಗ್ತಿದಾಳೆ ಅಂದ್ಕೊಂಡೆ ಕೆಂಪರಾಜು. ನಿಮ್ಮ ದನಿ ಕೇಳಿದ್ರೆ ತಾನೆ ನಾವು ಎದ್ದು ಬರೋದು.'

ನನಗೆ ಸಿಟ್ಟು ನೆತ್ತಿಗೇರಿತು. ನಂಜುಂಡಣ್ಣನ ಮಳಿಗೆಗೆ ಸಂಡಿಗೆಯ ಪುಡಿಯನ್ನು ಮೊರದಲ್ಲೇ ಹಿಡಿದುಕೊಂಡು ಹೋಗಿ, "ಇದನ್ನ ಉಪ್ಪಿಟ್ಟು ಮಾಡ್ಕೊಂಡು ತಿನ್ನಿ!" ಅಂದೆ. ಪಾಪ, ಆ ಮನುಷ್ಯ ಮೊರ ತೆಗೆದುಕೊಂಡು ಪಕ್ಕಕ್ಕಿಟ್ಟರು. ಪೆಟ್ಟಿಗೆಯ ತೂತಿಗೆ ತಾವೇ ತೇಪೆ ಹಾಕಿ ರಿವೆಟ್ಟು ಹೊಡೆದು ಕೊಟ್ಟರು. ಗಾಡಿ ತೊಳೆಯುವಾಗ ನನ್ನ ಕೈಗೆ ತಾಗಿದ್ದು ಅದೇ ತೇಪೆ.

ಅವತ್ತಿನಿಂದ ಎರಡು ಚಿಂತೆ ಜೊತೆಯಾದವು. ಸ್ಪೀಕರ್ ಎಲ್ಲಿಡೋದು ಅನ್ನುವುದು ಒಂದು. ಇವರದೇ ದನಿಯನ್ನು ಹಿಡಿಯೋದು ಹೇಗೆ ಅನ್ನುವುದು ಇನ್ನೊಂದು. ಡಾಕ್ಟರು ಕೂಗಬೇಡಿ ಅಂದಿದ್ದಾರೆ. ಆದರೆ ಆಪರೇಷನ್ನಿನ ಆಚೆ ಆ ದನಿ ಇರುತ್ತದೆ ಅಂತ ಯಾರೂ ಹೇಳಿಲ್ಲ. ಒಂದೇ ಒಂದು ಸಲ ಕೂಗಿಸಿ ಫೋನಿಗೆ ಹಿಡಿದುಕೊಂಡರೆ? ಆ ಒಂದು ಸಲದಿಂದಲೇ ಏನಾದರೂ ಆದರೆ? ದೋಸೆ ಹುಯ್ಯುತ್ತಾ, ಬಟ್ಟೆ ಒಗೆಯುತ್ತಾ ಇದೇ ಯೋಚನೆ. ಇವರನ್ನು ಕೇಳಿದರೆ ಸ್ಲೇಟಿನ ಮೇಲೆ ಬರೆದರು. 'ಒಂದ್ಸಲ ಕೂಗ್ತೀನಿ. ಆಮೇಲೆ ದೇವರಿದ್ದಾನೆ.'

ಆದರೆ ಎಲ್ಲಿ ಕೂಗಿಸೋದು? ನಮ್ಮ ಮನೆಯ ಕೆಳಗೆ ಲೇತ್ ಮಿಷನ್ನು, ಎದುರಿಗೆ ಗಾರ್ಮೆಂಟಿನ ಐವತ್ತು ಹೊಲಿಗೆ ಮಿಷನ್ನು, ಬೀದಿಯ ತುದಿಯಲ್ಲಿ ಬಸ್ಸು. ಅಲ್ಲೇ ರೆಕಾರ್ಡ್ ಮಾಡಿದರೆ ಲೇತೇ ಹಪ್ಪಳ ಮಾರುತ್ತಿದೆ ಅನ್ನಿಸೀತು. ಕೆಲಸ ನಿಂತ ರಾತ್ರಿ ಕೂಗಿಸೋಣವೆಂದರೆ ಬೀದಿನಾಯಿಗಳೆಲ್ಲ ಜೊತೆಗೂಡುತ್ತವೆ. ವಿಜಯನಗರದ ಒಂದು ಪಾರ್ಕಿಗೆ ಹೋದೆವು. ಇವರಿಗೋ ಗಾಡಿಯ ಮೇಲೆ ಕೂರದೆ ಕೂಗು ಬರುವುದಿಲ್ಲ. ಗಾಡಿಯನ್ನು ಗೇಟಿನ ಹತ್ತಿರ ನಿಲ್ಲಿಸಿ ಇನ್ನೂ ಗಂಟಲು ಸರಿಮಾಡಿಕೊಂಡಿಲ್ಲ, ವಾಚ್‌ಮನ್ ಓಡಿಬಂದ. "ಇಲ್ಲೆಲ್ಲಾ ವ್ಯಾಪಾರ ಮಾಡೋ ಹಾಗಿಲ್ಲ, ಹೋಗಿ ಹೋಗಿ!" ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ವ್ಯಾಪಾರವಲ್ಲ, ರೆಕಾರ್ಡಿಂಗು ಅಂದರೆ ಇನ್ನೂ ಅನುಮಾನದಿಂದ ನೋಡಿದ.

ಆಗ ಸುಮಾ ಹೇಳಿದಳು, "ಅಮ್ಮಾ, ಕರೆಂಟ್ ಹೋದಾಗ ನಮ್ ಬೀದಿ ಎಷ್ಟು ಸೈಲೆಂಟ್ ಆಗುತ್ತೆ ಅಲ್ವಾ?"

ಹೌದಲ್ಲ! ಕರೆಂಟ್ ಹೋದರೆ ಲೇತ್ ನಿಲ್ಲುತ್ತದೆ, ಹೊಲಿಗೆ ಮಿಷನ್ನು ನಿಲ್ಲುತ್ತದೆ, ಹೆಂಗಸರು ಟೀ ಕುಡಿಯಲು ಹೊರಗೆ ಬರುತ್ತಾರೆ, ಬೀದಿಗೆ ಬೀದಿಯೇ ಉಸಿರು ಬಿಡುತ್ತದೆ. ಅವತ್ತಿನಿಂದ ನಾವು ಕರೆಂಟ್ ಹೋಗುವುದನ್ನೇ ಕಾಯತೊಡಗಿದೆವು. ಇಷ್ಟು ವರ್ಷ ಕರೆಂಟಿನವರಿಗೆ ಹಾಕಿದ ಶಾಪವೆಲ್ಲ ತಿರುಗಿಬಿತ್ತೋ ಏನೋ, ಆ ಆಷಾಢದಲ್ಲಿ ಹತ್ತು ದಿನ ಕರೆಂಟು ಕಣ್ಣು ಮಿಟುಕಿಸಲೂ ಇಲ್ಲ. ದಿನಾ ಫೋನ್ ಚಾರ್ಜ್ ಮಾಡಿಟ್ಟುಕೊಂಡು ಸಂಜೆ ಐದರವರೆಗೆ ಬಲ್ಬನ್ನೇ ನೋಡುತ್ತಾ ಕೂರುವುದು. ಎದುರುಮನೆಯ ಜಯಮ್ಮ, "ಏನ್ ಪಾರ್ವತಿ, ಬಲ್ಬಿಗೆ ಪೂಜೆ ಮಾಡ್ತಿದೀಯಾ?" ಅಂತ ನಕ್ಕಳು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸೋಮವಾರಕ್ಕೆ ನಾಲ್ಕು ದಿನ, ಮೂರು ದಿನ, ಎರಡು ದಿನ ಅಂತ ಬೆರಳು ಮಡಿಸುತ್ತಿದ್ದೆ.

ಶನಿವಾರ ಮಧ್ಯಾಹ್ನ ಮೂರು ಗಂಟೆ ಇರಬೇಕು. ಆಕಾಶ ಕಪ್ಪಾಗಿತ್ತು. ಬೀದಿಯ ತುದಿಯ ಟ್ರಾನ್ಸ್‌ಫಾರ್ಮರ್ ಡಬ್ ಅಂದಿತು. ಲೇತ್ ಕೊಂಯ್ ಎಂದು ಇಳಿದು ನಿಂತಿತು. ನಾನು ಕೈಯಲ್ಲಿದ್ದ ಸೌಟು ಎಸೆದು, "ರೀ, ಹೋಯ್ತು! ಏಳಿ ಏಳಿ!" ಎಂದು ಕಿರುಚಿದೆ. ಇವರು ಪಂಚೆಯಲ್ಲೇ ಮೆಟ್ಟಿಲಿಳಿದು ಹೋಗಿ ಗಾಡಿಯ ಮೇಲೆ ಕೂತರು. ಸುಮಾ ಫೋನ್ ಹಿಡಿದಳು. ನಾನು ಬೀದಿಯ ಜನರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಟೀ ಕುಡಿಯಲು ಬಂದಿದ್ದ ಗಾರ್ಮೆಂಟಿನ ಹೆಂಗಸರು ಲೋಟ ಹಿಡಿದು ಹಾಗೇ ನಿಂತರು.

ಮೂರು ವಾರದ ಹತ್ತಿರ ಮಾತಾಡದೆ ಇದ್ದದ್ದಕ್ಕೋ ಏನೋ, ದನಿ ತೆರೆಯಿತು. "ಹಪ್ಪಳಾ... ಸಂಡಿಗೇ... ಶಾವಿಗೇ... ಮನೇಲಿ ಮಾಡಿದ್ದಮ್ಮಾ..." ಮದುವೆಯ ಹೊಸತರ ಅದೇ ದನಿ. 'ಅಮ್ಮಾ' ಎಂಬಲ್ಲಿ ಒಂದು ಸುತ್ತು ತಿರುಗಿ ಇಳಿಯಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಇವರು ಕೂಗಿ ಮುಗಿಸಿ ನನ್ನ ಕಡೆ ತಿರುಗಿ ಕೇಳಿದರು, "ಸಾಕೇನೇ ಪಾರ್ವತಿ?"

ಸಾಕು ಅನ್ನಬೇಕಾಗಿತ್ತು ನಾನು. ಆದರೆ ನನ್ನ ಬುದ್ಧಿ ಕೇಳಬೇಕಲ್ಲ! ಎಲ್ಲೋ ಒಂದು ಕಾಗೆ ಕೂಗಿದ ಹಾಗಾಯಿತು, ಸರಿಯಾಗಿ ಬಂತೋ ಇಲ್ಲವೋ ಎಂದು ಅನುಮಾನ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಓಡುವ ಅದೇ ಬುದ್ಧಿ. "ಇನ್ನೊಂದ್ಸಲ ರೀ, ಒಂದೇ ಒಂದ್ಸಲ" ಅಂದೆ.

ಇವರು ಮತ್ತೆ ಉಸಿರು ತುಂಬಿಕೊಂಡು ಕೂಗಿದರು. 'ಶಾವಿಗೇ' ಎಂಬಲ್ಲಿ ದನಿ ಸೀಳಿತು. ಕೆಮ್ಮು ಬಂತು. ಕೆಮ್ಮುತ್ತಾ ಗಾಡಿಯ ಟ್ಯಾಂಕಿನ ಮೇಲೆ ತಲೆಯಿಟ್ಟುಕೊಂಡರು. ಅಷ್ಟರಲ್ಲಿ ಧೋ ಎಂದು ಮಳೆ ಸುರಿಯಿತು.

ಸೋಮವಾರ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ದೇವರಲ್ಲಿ ಹಪ್ಪಳವನ್ನೂ ಕೇಳಲಿಲ್ಲ, ಗಾಡಿಯನ್ನೂ ಕೇಳಲಿಲ್ಲ. ಆ ಎರಡನೇ ಕೂಗನ್ನು ವಾಪಸು ತಗೋ ಅಂತ ಬೇಡಿಕೊಂಡೆ. ಗಂಟು ಕೆಟ್ಟದ್ದಲ್ಲ ಎಂದು ಒಂದು ವಾರಕ್ಕೆ ಗೊತ್ತಾಯಿತು. ಸುಮಾ ಆಸ್ಪತ್ರೆಯ ಕಾರಿಡಾರಿನಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು. ಆದರೆ ಆರು ವಾರ ಒಂದು ಮಾತೂ ಆಡಬಾರದು, ಆಮೇಲೆ ದನಿ ಏನಾಗಿದೆ ನೋಡೋಣ ಅಂದರು ಡಾಕ್ಟರು. ಬಾಗಿಲ ಹತ್ತಿರ ನಾನೊಬ್ಬಳೇ ಹಿಂದೆ ಉಳಿದು, ಶನಿವಾರ ಎರಡು ಸಲ ಕೂಗಿಸಿದ್ದನ್ನು ಹೇಳಿದೆ. ಆಕೆ ನನ್ನ ಭುಜ ಮುಟ್ಟಿ, "ಇಷ್ಟು ವರ್ಷ ಕೂಗಿದ್ದಾರಲ್ಲಮ್ಮ, ಒಂದು ಸಲದಿಂದ ಹೆಚ್ಚುಕಮ್ಮಿ ಏನಾಗಲ್ಲ" ಅಂದರು. ಆ ಮಾತು ಕಿವಿಗೆ ಹೋಯಿತು, ಹೊಟ್ಟೆಗೆ ಇಳಿಯಲಿಲ್ಲ.

ಕೈ ಸುಮ್ಮನಿದ್ದರೆ ತಲೆ ಓಡುತ್ತದೆ ಎಂದು ಗಾಡಿಯ ಕೆಲಸಕ್ಕೆ ಬಿದ್ದೆ. ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಪೆಟ್ಟಿಗೆ ತುಂಬಿಸಿ, ಬುಟ್ಟಿ ಕಟ್ಟಿ, ಮಣೆ ಹಾಕಿಕೊಂಡು ಎದುರಿಗೆ ಕೂತೆ. ಈ ಸಲ ತುಂಬಿದ ಗಾಡಿಯನ್ನೇ ನೋಡುವುದು ಅಂತ. ಹಪ್ಪಳ ಇಲ್ಲದ ಜಾಗ ಎಲ್ಲಿದೆ? ಹಿಂದೆ ಇಲ್ಲ, ಮಗ್ಗುಲಲ್ಲಿ ಇಲ್ಲ. ಮುಂದೆ, ಕಾಲಿಗೆ ಪೆಟ್ಟು ಬೀಳದಿರಲೆಂದು ಹಾಕುವ ಕಬ್ಬಿಣದ ಗಾರ್ಡು ಇದೆಯಲ್ಲ, ಅದಕ್ಕೆ ಇವರ ರೇನ್‌ಕೋಟು ನೇತಾಡುತ್ತಿತ್ತು. ಮಳೆ ಬಂದರೆ ಅದು ಮೈಮೇಲೆ, ಬರದಿದ್ದರೆ ಅಲ್ಲಿ. ರೇನ್‌ಕೋಟು ತೆಗೆದು ನೋಡಿದೆ. ಎರಡೂ ಕಡೆ ಒಂದೊಂದು ತೆಂಗಿನಕಾಯಿ ಹಿಡಿಯುವಷ್ಟು ಜಾಗ ಸುಮ್ಮನೆ ಬಿದ್ದಿತ್ತು!

ನಂಜುಂಡಣ್ಣನಿಗೆ ಆಗ ಗಣೇಶನ ಹಬ್ಬದ ಗಲಾಟೆ. ದೊಡ್ಡ ಹಾರ್ನುಗಳೆಲ್ಲ ಬುಕ್ ಆಗಿಹೋಗಿದ್ದವು. ಮೂಲೆಯಲ್ಲಿ ಧೂಳು ಹಿಡಿದ ಎರಡು ಪುಟ್ಟ ಹಾರ್ನು ಮಾತ್ರ ಉಳಿದಿದ್ದವು, ಯಾವುದೋ ಆಟೋ ಪ್ರಚಾರಕ್ಕೆ ಕಟ್ಟಿದ್ದವು.

"ಇವು ಯಾರಿಗೂ ಬೇಡಮ್ಮ, ಸೌಂಡು ಕಮ್ಮಿ."

"ನಮ್ಗೇನು ಮೆರವಣಿಗೆ ಇಲ್ಲ ಅಣ್ಣ. ಮೂರನೇ ಮಹಡಿಗೆ ಮುಟ್ಟಿದ್ರೆ ಸಾಕು."

ಗಾರ್ಡಿನ ಎರಡೂ ಕಡೆಗೆ ಕೂರಿಸಿದೆವು. ಬಾಯಿ ಹೊರಕ್ಕೆ, ಚೂರು ಕೆಳಕ್ಕೆ, ಮಳೆನೀರು ತುಂಬದ ಹಾಗೆ. ಚಕ್ರದ ಕೆಸರು ಹಾರದಂತೆ ಹಳೆಯ ರೇನ್‌ಕೋಟಿನ ಬಟ್ಟೆಯಿಂದ ಟೋಪಿ ಹೊಲಿದೆ. ಅದುರುವುದಕ್ಕೆ ಏನು ಮಾಡುವುದು ಎಂದು ನಂಜುಂಡಣ್ಣ ರಬ್ಬರು ಹುಡುಕುತ್ತಿದ್ದರೆ, ನಾನು ಎದುರಿನ ಗಾರ್ಮೆಂಟಿಗೆ ಹೋಗಿ ಕೋಟಿನ ಭುಜಕ್ಕೆ ಹಾಕುವ ಮೆತ್ತೆಗಳನ್ನು ಕೇಳಿ ತಂದೆ. ಹಾರ್ನಿಗೂ ಕಬ್ಬಿಣಕ್ಕೂ ನಡುವೆ ಎರಡೆರಡು ಮೆತ್ತೆ. ಗಾಡಿ ಸ್ಟಾರ್ಟ್ ಮಾಡಿ, ದನಿ ಹಾಕಿ, ಪೆಟ್ಟಿಗೆ ತೆರೆದು ಒಂದು ಅರಳು ಸಂಡಿಗೆಯ ಮೇಲೆ ಬೆರಳಿಟ್ಟು ನೋಡಿದೆ. ಅಲುಗಲಿಲ್ಲ. ನಂಜುಂಡಣ್ಣ ಎರಡೂ ಕೈ ಎತ್ತಿ, "ಇಂಜಿನಿಯರ್ರಮ್ಮಾ ನೀನು!" ಅಂದರು. ಇವರು ಗಾಡಿಯ ಸುತ್ತ ಹೋಗಿ ಬಂದು ಪೆಟ್ಟಿಗೆಯ ಮೂಲೆ ಮೂಲೆಗೆ ಕೈ ಹಾಕಿ ನೋಡಿ, ಸ್ಲೇಟಿನ ಮೇಲೆ ಬರೆದರು. 'ಒಂದು ಹಪ್ಪಳದ ಜಾಗಾನೂ ಹೋಗಿಲ್ಲ.'

ಪೆನ್‌ಡ್ರೈವಿಗೆ ಕೂಗನ್ನು ಹಾಕಿದವರು ನಂಜುಂಡಣ್ಣ. ಕೇಳಿ ನೋಡಿದಾಗ, ಕೂಗಿನ ಬಾಲಕ್ಕೆ "ಸಾಕೇನೇ ಪಾರ್ವತಿ?" ಅನ್ನುವುದೂ ಸೇರಿಕೊಂಡಿತ್ತು. ಅಲ್ಲಿಗೆ ಮುಗಿದು ಮತ್ತೆ ಮೊದಲಿನಿಂದ ಶುರು. ನನ್ನ 'ಇನ್ನೊಂದ್ಸಲ' ಅದರಲ್ಲಿರಲಿಲ್ಲ. ಬೀದಿ ಬೀದಿಯಲ್ಲಿ ನನ್ನ ಹೆಸರು ಮೊಳಗುವುದೆಂದರೆ! "ಅಯ್ಯೋ, ಅದನ್ನ ಕಟ್ ಮಾಡಿ ಅಣ್ಣ" ಅಂದೆ. ಕಟ್ ಮಾಡಲು ಅವರು ಕೈಹಾಕಿದರೆ ಇವರು ತಡೆದರು. ಸ್ಲೇಟು ಹತ್ತಿರ ಇರಲಿಲ್ಲ. ಗಾಡಿಯ ಟ್ಯಾಂಕಿನ ಧೂಳಿನ ಮೇಲೆ ಬೆರಳಿನಿಂದ 'ಇರ್ಲಿ' ಎಂದು ಬರೆದರು.

ಗೌರಿ ಹಬ್ಬಕ್ಕೆ ಇನ್ನೊಂದು ವಾರವಿರುವಾಗ ಇವರು ಮೊದಲ ಸುತ್ತು ಹೊರಟರು. ಗಾಡಿ ಓಡಿಸಬಹುದು, ಬಾಯಿ ತೆರೆಯಬಾರದು ಅಂದಿದ್ದರು ಡಾಕ್ಟರು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹೇಳದೆ ಕೇಳದೆ ಬಸ್ಸು ಹತ್ತಿ ಬಸವೇಶ್ವರನಗರಕ್ಕೆ ಹೋಗಿ, ಪದ್ಮಾ ಆಂಟಿಯ ಬೀದಿಯ ತಿರುವಿನಲ್ಲಿ ಹೊಂಗೆಮರದ ಹಿಂದೆ ನಿಂತೆ. ಮರೆತು ಯಾರ ಜೊತೆಗಾದರೂ ಮಾತಾಡಿಬಿಟ್ಟರೆ? ಬ್ಯಾಟರಿ ಇಳಿದು ದನಿ ನಿಂತುಹೋದರೆ? ಮತ್ತೆ ಯಾರೂ ಇಳಿದು ಬರದೆ, ಅವತ್ತಿನ ಮುಖ ಹೊತ್ತುಕೊಂಡೇ ಮನೆಗೆ ಬಂದರೆ?

ಮೊದಲು ಕೇಳಿಸಿದ್ದು ದನಿ. ಆಮೇಲೆ ಗಾಡಿ ಕಂಡಿತು. "ಹಪ್ಪಳಾ... ಸಂಡಿಗೇ... ಶಾವಿಗೇ..." ಒಂದು ಕಿಟಕಿ ತೆರೆಯಿತು, ಇನ್ನೊಂದು ತೆರೆಯಿತು. ಮೂರನೇ ಮಹಡಿಯಿಂದ ಪದ್ಮಾ ಆಂಟಿಯ ಚೀಲ ಹಗ್ಗದಲ್ಲಿ ತೂಗುತ್ತಾ ಇಳಿಯಿತು.

"ಏನ್ ಕೆಂಪರಾಜು, ದನಿ ವಾಪಸ್ ಬಂತಾ? ಅಬ್ಬಾ, ಎಷ್ಟು ಖುಷಿಯಾಯ್ತು ಗೊತ್ತಾ!"

ಇವರು ಮುಚ್ಚಿದ ಬಾಯಿಯನ್ನು ತೋರಿಸಿ, ಬಗ್ಗಿ ಗಾರ್ಡಿನ ಹಾರ್ನನ್ನು ತಟ್ಟಿ ತೋರಿಸಿದರು. ಅದೇ ಹೊತ್ತಿಗೆ ಹಾರ್ನು ಬೀದಿಗೆಲ್ಲ ಕೇಳುವಂತೆ, "ಸಾಕೇನೇ ಪಾರ್ವತಿ?" ಅಂದಿತು.

ಬಾಲ್ಕನಿಗಳಲ್ಲಿ ನಗು. "ಯಾರ್ರೀ ಅದು ಪಾರ್ವತಿ?" ಅಂತ ಪದ್ಮಾ ಆಂಟಿ ಮೇಲಿನಿಂದ ಕೇಳಿದರೆ, ಈ ಮನುಷ್ಯ ತಲೆಯನ್ನೂ ತಿರುಗಿಸದೆ, ಹೊಂಗೆಮರದ ಕಡೆ ಬೆರಳು ಮಾಡಿಬಿಟ್ಟರು! ನಾನು ಬಂದು ನಿಂತದ್ದು ಯಾವಾಗಲೋ ಗೊತ್ತಾಗಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಗುತ್ತಿದ್ದೇನೆ ಅಂದುಕೊಂಡರು ಜನ.

ಆರು ವಾರ ಕಳೆದ ಮೇಲೆ ದನಿ ಬಂತು. ಬಂತು ಅಂದರೆ, ಒಂದು ಎಳೆಯಷ್ಟು ಬಂತು. ಎದುರಿಗೆ ಕೂತು ಮಾತಾಡಿದರೆ ಕೇಳುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದ್ದರೆ ಕೇಳುವುದಿಲ್ಲ. ಕೂಗು ಮಾತ್ರ ಮತ್ತೆ ಬರಲೇ ಇಲ್ಲ. ಇದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ ಅಂದರು ಡಾಕ್ಟರು. ಇವರು ಸುಲಭವಾಗಿ ಒಪ್ಪಿಕೊಂಡರು. ನಾನು ಒಪ್ಪಿಕೊಳ್ಳಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ನಾನು ಇನ್ನೊಂದ್ಸಲ ಅನ್ನದೆ ಇದ್ದಿದ್ರೆ, ನಿಮ್ ದನಿ ಉಳೀತಿತ್ತಾ ರೀ?"

ಇವರು ನನ್ನ ಹತ್ತಿರ ಸರಿದು ಕೂತರು. ಆಮೇಲೆ ಆ ಎಳೆಯಂಥ ದನಿಯಲ್ಲಿ, "ಇನ್ನೊಂದ್ಸಲ ಅಂತ ಕೇಳೋರು ಇದ್ರಲ್ಲ ಕಣೇ, ಅದಕ್ಕೇ ಕೂಗಿದೆ" ಅಂದರು. ಅದು ಹೌದು ಅಂತಲೋ, ಅಲ್ಲ ಅಂತಲೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಗಾಡಿ ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಹೊತ್ತಿಗೆ ಸುಮಾ ಬಂದಳು. "ಅಮ್ಮಾ, ಈ ಓಬೀರಾಯನ ಕಾಲದ ಹಾರ್ನು ತೆಗೆಸಿಬಿಡೋಣ. ಈಗ ಅಂಗೈ ಅಗಲದ ಸ್ಪೀಕರ್ ಬರುತ್ತೆ, ಹ್ಯಾಂಡಲ್‌ಗೇ ಕೂರುತ್ತೆ. ರೆಕಾರ್ಡಿಂಗೂ ಕ್ಲೀನ್ ಮಾಡಿಸೋಣ, ಆ ಬಾಲ ತೆಗೆದು" ಅಂದಳು. ಹಾರ್ನು ಬೇಕಾದರೆ ಬದಲಾಯಿಸು, ಬಾಲ ಮುಟ್ಟಬೇಡ ಅಂದೆ. ನಾಚಿಕೆ ಆಗುತ್ತೆ ಅಂತಿದ್ದೆಯಲ್ಲ ಅಂದಳು. ಅವಳಿಗೆ ಹೇಗೆ ಹೇಳಲಿ?

ಸುತ್ತು ಮುಗಿಸಿ ಊಟದ ಹೊತ್ತಿಗೆ ಬರುವಾಗ ಇವರು ಸ್ವಿಚ್ಚು ಆರಿಸುವುದಿಲ್ಲ. ಮರೆತೆ ಅನ್ನುತ್ತಾರೆ, ದಿನಾ ಮರೆಯುತ್ತಾರೆ. ಗಾಡಿ ನಮ್ಮ ಬೀದಿಗೆ ತಿರುಗುತ್ತದೆ. ಲೇತಿನ ಸದ್ದು, ಹೊಲಿಗೆ ಮಿಷನ್ನಿನ ಸದ್ದು ದಾಟಿ, ಕರೆಂಟ್ ಹೋದ ಆ ಮಧ್ಯಾಹ್ನದ ದನಿ ಮೇಲೆ ಬರುತ್ತದೆ. "ಮನೇಲಿ ಮಾಡಿದ್ದಮ್ಮಾ..." ನಾನು ಒಲೆ ಸಣ್ಣ ಮಾಡಿ ಕಿಟಕಿಗೆ ಹೋಗಿ ನಿಲ್ಲುತ್ತೇನೆ.

"ಸಾಕೇನೇ ಪಾರ್ವತಿ?"

"ಸಾಕು ರೀ," ಅನ್ನುತ್ತೇನೆ. "ಸಾಕು, ಮೇಲೆ ಬನ್ನಿ."